ಜೆಲಾಟಿನ್ ಯಾವುದರದು?

ರಾತ್ರಿ ಎಂಟಕ್ಕೆ ಕಡುಬು, ಮಟನ್ ಸಾರು ಉಂಡು ಮಲಗಿದ್ದೆ. ಒಂದು ಗಂಟೆಗೆ ಎಚ್ಚರವಾದಾಗ ಅಂಗೈ ಉರಿಯುತ್ತಿತ್ತು. ಮೈಯೆಲ್ಲ ದದ್ದು, ತುಟಿ ಊದಿತ್ತು. ಉಂಡು ಐದು ಗಂಟೆ ಆಗಿತ್ತಲ್ವಾ, ಊಟದ ಮೇಲೆ ಅನುಮಾನವೇ ಬರಲಿಲ್ಲ. ಮೂರನೇ ಸಲ ಹೀಗಾದ ಮೇಲೆ ರಕ್ತಪರೀಕ್ಷೆ ಮಾಡಿಸಿದೆವು. ಆಲ್ಫಾ-ಗ್ಯಾಲ್ ಅಲರ್ಜಿ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಹಿತ್ತಲಲ್ಲಿ ಹೀರೆ, ಬದನೆ ಬೆಳೆಯುತ್ತೇನೆ. ಅಲ್ಲೇ ಲೋನ್ ಸ್ಟಾರ್ ಎಂಬ ಉಣುಗು ಕಚ್ಚಿತ್ತು, ಈ ಅಲರ್ಜಿ ಬಂದದ್ದು ಅದರಿಂದಲೇ. ಹೆಣ್ಣು ಉಣುಗಿನ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ನಾನು ಸಾಗರದ ಕಡೆಯವಳು, ಉಣುಗು ಅಂದರೆ ಮಂಗನ ಕಾಯಿಲೆ ಅಂತ ಚಿಕ್ಕಂದಿನಿಂದ ಹೆದರಿದವಳು. ಉಣುಗು ಕಚ್ಚಿದರೆ ಮಾಂಸವೇ ಆಗಿಬರದಂತಾಗುತ್ತದೆ ಎಂದು ಮಾತ್ರ ಕೇಳಿರಲಿಲ್ಲ.

ಆಲ್ಫಾ-ಗ್ಯಾಲ್ ಒಂದು ಬಗೆಯ ಸಕ್ಕರೆ. ಕುರಿ, ದನ, ಹಂದಿಯಲ್ಲಿ ಇರುತ್ತದೆ. ಕೋಳಿ, ಮೀನಿನಲ್ಲಿ ಇಲ್ಲ. ಮಟನ್ ಬಿಟ್ಟೆ. ಆದರೂ ದದ್ದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ವಿಟಮಿನ್ ಡಬ್ಬಿ ತಿರುಗಿಸಿ ನೋಡಿದರೆ, ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಜೆಲಾಟಿನ್. ದಿನಾ ನುಂಗುತ್ತಿದ್ದ ಮಾತ್ರೆಯ ಕವಚವೇ ಅದು. ಜೆಲಾಟಿನ್ ಜಾಸ್ತಿ ಮಾಡುವುದು ಹಂದಿ, ದನದ ಚರ್ಮ ಮತ್ತು ಮೂಳೆಯಿಂದ.

ಇಲ್ಲಿಯ ಕಾನೂನಿನಂತೆ ಹಾಲು, ಕಡಲೆಕಾಯಿ ಸೇರಿ 9 ಅಲರ್ಜಿ ಪದಾರ್ಥಗಳ ಹೆಸರು ಪ್ಯಾಕೆಟ್ ಮೇಲೆ ಸ್ಪಷ್ಟವಾಗಿ ಇರಬೇಕು. ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರಲ್ಲಿ. ದನ, ಹಂದಿಯ ಅಂಶ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅಲರ್ಜಿ ಸಾಲು ಮಾತ್ರ ಓದಿ ಬಿಟ್ಟರೆ ಆಗಲ್ಲ, ಪೂರ್ತಿ ಓದುತ್ತೇನೆ. ಲಾರ್ಡ್ ಅಂದರೆ ಹಂದಿ ಕೊಬ್ಬು, ಟ್ಯಾಲೋ ಅಂದರೆ ದನದ ಕೊಬ್ಬು. ಅರೆದ ಬೀನ್ಸ್ ಡಬ್ಬಿಯಲ್ಲೂ ಲಾರ್ಡ್ ಸಿಕ್ಕಿದೆ. ಚಿಕನ್ ಸಾಸೇಜ್‌ನ ಸಿಪ್ಪೆ ಹಂದಿ ಕರುಳಿನದಾಗಿರಬಹುದು.

ಜಾಸ್ತಿ ಕಾಡುವುದು 'ನ್ಯಾಚುರಲ್ ಫ್ಲೇವರ್'. ಅದು ಗಿಡದ್ದೂ ಆಗಬಹುದು, ಮಾಂಸದ್ದೂ ಆಗಬಹುದು. ಆಗ ಕಂಪನಿಗೆ ಫೋನ್ ಮಾಡುತ್ತೇನೆ. ಮೊದಮೊದಲು "ಇದರಲ್ಲಿ ಅಲರ್ಜಿ ಪದಾರ್ಥ ಇದೆಯಾ?" ಎನ್ನುತ್ತಿದ್ದೆ, "ಇಲ್ಲ" ಎನ್ನುತ್ತಿದ್ದರು. ಅವರ ಲೆಕ್ಕ ಆ ಒಂಬತ್ತರದು. ಈಗ "ದನ, ಹಂದಿ, ಕುರಿಯಿಂದ ಬಂದದ್ದು ಏನಾದರೂ ಇದೆಯಾ?" ಎಂದೇ ಕೇಳುತ್ತೇನೆ. ನೋಡಿ ಹೇಳುತ್ತೇವೆ ಎಂದು ಮತ್ತೆ ಫೋನ್ ಮಾಡಿದವರೂ ಇದ್ದಾರೆ. ಉತ್ತರ ಬರದಿದ್ದರೆ ಆ ಪ್ಯಾಕೆಟ್ ನಮ್ಮ ಮನೆಗೆ ಬರುವುದಿಲ್ಲ.

ಇಂಡಿಯನ್ ಅಂಗಡಿಯ ಸಾಮಾನಿನ ಹಸಿರು ಚುಕ್ಕೆ ನನಗೆ ದೊಡ್ಡ ಆಸರೆ. ಚುಕ್ಕೆ ಇದ್ದರೆ ಜೆಲಾಟಿನ್, ಕೊಬ್ಬಿನ ಚಿಂತೆ ಇಲ್ಲ. ಆದರೆ ಅದು ಹಾಲನ್ನು ತಡೆಯುವುದಿಲ್ಲ. ಈ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಹಾಲೂ ಆಗದು. ನನಗೆ ಮೊಸರು ಆಗುತ್ತದೆ, ಐಸ್‌ಕ್ರೀಂ ಆಗುವುದಿಲ್ಲ. ಹಲಾಲ್ ಎಂದು ಬರೆದಿದ್ದರೆ ಹಂದಿಯದಲ್ಲ ಅಂತ ಗೊತ್ತಾಗುತ್ತದೆ ಅಷ್ಟೇ, ದನದ್ದು ಇರಬಹುದು.

ಒಮ್ಮೆ ಓದಿದ್ದೇನೆ ಎಂದು ಸುಮ್ನೆ ಕೊಳ್ಳುವುದಿಲ್ಲ. ಆಗಿಬಂದ ಪ್ಯಾಕೆಟ್‌ನ ಹಿಂಬದಿ ಕತ್ತರಿಸಿ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಹೊಸದು ತಂದಾಗ ಪಕ್ಕದಲ್ಲಿ ಹಿಡಿದು ಸಾಲು ಸಾಲು ನೋಡುತ್ತೇನೆ. ಹೋದ ತಿಂಗಳು ಎರಡು ವರ್ಷದಿಂದ ತಿನ್ನುತ್ತಿದ್ದ ಸೂಪ್ ಪುಡಿಯಲ್ಲಿ ಒಂದು ಪದ ಹೊಸದಾಗಿ ಸೇರಿತ್ತು: ಬೀಫ್ ಫ್ಯಾಟ್. ಹಳೆಯ ತುಂಡನ್ನು ಬಾಗಿಲಿಂದ ಕಿತ್ತು ತೆಗೆದೆ.