ಪಚ್ಚಬಾಳೆ ಹಳದಿಯಾದ ಮೇಲೆ: ಹಣ್ಣಿನಂಗಡಿಯಲ್ಲಿ ನನ್ನ ಅನುಭವ

ಮೈಸೂರಿನ ನಮ್ಮ ಅಂಗಡಿಯ ಹಿಂಭಾಗದಲ್ಲಿ ತಂದೆಯವರ ಕಾಲದಿಂದಲೂ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಯಿಂದ ಬಂದ ಬಾಳೆಗೊನೆಗಳನ್ನು ಅಲ್ಲಿ ಒತ್ತಾಗಿ ಜೋಡಿಸಿ, ಮೂಲೆಯ ಮಡಕೆಯ ಕೆಂಡಕ್ಕೆ ಒಣಹುಲ್ಲು ಹಾಕಿ ಹೊಗೆಯೆಬ್ಬಿಸಿ, ಬಾಗಿಲ ಸಂದುಗಳಿಗೆ ಗೋಣಿತಾಟು ತುರುಕಿ ಒಂದು ಹಗಲು, ಒಂದು ರಾತ್ರಿ ಬಿಡುತ್ತಿದ್ದೆವು. ಹೀಗೆ ಹಣ್ಣಿಗೆ ಹಾಕಿದ ಏಲಕ್ಕಿಬಾಳೆ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಪಚ್ಚಬಾಳೆ ಮಾತ್ರ ಒಳಗೆ ಮೆತ್ತಗಾಗಿ ಘಮಘಮಿಸಿದರೂ ಸಿಪ್ಪೆಯಲ್ಲಿ ಹಸುರನ್ನು ಉಳಿಸಿಕೊಳ್ಳುತ್ತಿತ್ತು. ಆಗಿನ ಗಿರಾಕಿಗಳು ಅದನ್ನು ಕೊರತೆಯೆಂದು ಎಣಿಸಿದವರಲ್ಲ. ಹೆಸರೇ ಪಚ್ಚಬಾಳೆ. ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ, ತೊಟ್ಟಿನ ಬಳಿ ಮೂಸಿ ನೋಡಿ ಕೊಳ್ಳುತ್ತಿದ್ದರು.

2014ರಲ್ಲಿ ಸಾಲ ಮಾಡಿ ಎರಡು ತಂಪುಕೋಣೆಗಳನ್ನು ಕಟ್ಟಿಸಿದೆ. ಒಂದು ಸೇಬಿಗೆ, ಇನ್ನೊಂದು ಬಾಳೆ ಮಾಗಿಸಲು. ಮಾಗಿಸುವ ಕೋಣೆಯಲ್ಲಿ ಉಷ್ಣಾಂಶವನ್ನು 16ರಿಂದ 18 ಡಿಗ್ರಿಯಲ್ಲಿ, ತೇವವನ್ನು ಶೇ. 90ರ ಆಸುಪಾಸಿನಲ್ಲಿ ಇರಿಸಿ, ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗದಷ್ಟು, ಕಾಯಿಯನ್ನು ಮಾಗಿಸುವ ಎಥಿಲೀನ್ ಅನಿಲವನ್ನು 24 ಗಂಟೆ ಬಿಟ್ಟು, ಆಮೇಲೆ ಬಾಗಿಲು ತೆರೆದು ಇಂಗಾಲದ ಡೈಆಕ್ಸೈಡನ್ನು ಹೊರಹಾಕಬೇಕು. ನಾಲ್ಕೈದು ದಿನಗಳಲ್ಲಿ ಅದೇ ಪಚ್ಚಬಾಳೆ ನಿಂಬೆಯ ಹಳದಿಯಾಗಿ ಹೊರಬಂದಾಗ ನಾನು ಬೆರಗಾದೆ. ಕಾರಣ ತಿಳಿದದ್ದು ಆನಂತರ: ಸುಮಾರು 24 ಡಿಗ್ರಿಗಿಂತ ಹೆಚ್ಚಿನ ಸೆಕೆಯಲ್ಲಿ ಮಾಗಿದರೆ ಈ ಜಾತಿಯ ಸಿಪ್ಪೆಗೆ ಹಸುರು ಕೊಡುವ ಪತ್ರಹರಿತ್ತು ಪೂರ್ತಿ ಕರಗುವುದಿಲ್ಲ; ತಂಪಿನಲ್ಲಿ ಮಾಗಿದರೆ ಕರಗಿ, ಅಡಿಯಲ್ಲಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಎಂದರೆ ಆ ಹೆಸರು ನಮ್ಮ ಹವೆಯದು, ಈ ಹಳದಿ ಯಂತ್ರದ್ದು.

ಎರಡೇ ವರ್ಷಗಳಲ್ಲಿ ಗಿರಾಕಿಗಳ ಕಣ್ಣು ಬದಲಾಯಿತು. ಹೊಗೆಕೋಣೆಯ ಹಣ್ಣನ್ನು ತೋರಿಸಿದರೆ, "ಅಣ್ಣ, ಇದು ಇನ್ನೂ ಕಾಯಿ" ಎಂದು ಮುಟ್ಟದೆಯೇ ಹೊರಟುಬಿಡುತ್ತಿದ್ದರು. ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡಿದ, ಸಿಹಿ ತುಂಬಿದ ಚಿಪ್ಪುಗಳನ್ನು ಕೊಳೆತದ್ದೆಂದು ಬದಿಗೆ ಸರಿಸುವವರೂ ಹೆಚ್ಚಾದರು. ಅವನ್ನೇ ಹುಡುಕಿಕೊಂಡು ಬರುವವರು ರಾಮನವಮಿಗೆ ರಸಾಯನ ಮಾಡುವ ಹಿರಿಯ ಹೆಂಗಸರು. ಇತ್ತ, ಒಂದೇ ಸಮನಾದ ಹಳದಿಯನ್ನು ಕಂಡು ಇದಕ್ಕೆ ರಾಸಾಯನಿಕ ಹೊಡೆದಿದ್ದೀರಿ ಎಂದು ಅನುಮಾನಿಸುವವರೂ ಇದ್ದಾರೆ. ಹಣ್ಣನ್ನು ಬೇಗ ಮಾಗಿಸಲು ಕೆಲವರು ಹಾಕುವ ಕಾರ್ಬೈಡ್‌ನ ಬಳಕೆಗೆ ಕಾನೂನಿನ ನಿಷೇಧವಿದೆ, ಎಥಿಲೀನ್ ಎಂಬುದು ಹಣ್ಣು ಮಾಗುವಾಗ ತಾನೇ ಉಸಿರಾಡಿ ಬಿಡುವ ಅನಿಲ ಎಂದು ಅವರಿಗೆ ಕೋಣೆಯ ಬಾಗಿಲು ತೆರೆದು ತೋರಿಸಿ ವಿವರಿಸುತ್ತೇನೆ. ಈ ವಿವರಣೆಗೆ ಎಷ್ಟು ಹೊತ್ತು ಹಿಡಿದರೂ ನನಗೆ ಬೇಸರವಿಲ್ಲ.

ಏಲಕ್ಕಿಬಾಳೆಯ ವಿಷಯದಲ್ಲಿ ತಂಪು ನನಗೆ ದೊಡ್ಡ ಪೆಟ್ಟು ಕೊಟ್ಟಿತು. ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಲೆ ಏರುವುದನ್ನು ನಿರೀಕ್ಷಿಸಿ, ಮೊದಲೇ ತರಿಸಿದ ಗೊನೆಗಳನ್ನು ಸೇಬಿನ ಕೋಣೆಯಲ್ಲಿ, 2 ಡಿಗ್ರಿಯಲ್ಲಿ, ಎರಡು ರಾತ್ರಿ ಇಟ್ಟೆ. ತೆಗೆದಾಗ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮತ್ತೆ ಎಷ್ಟು ದಿನ ಕಾದರೂ ಹಣ್ಣಾಗಲಿಲ್ಲ. ಬಾಳೆಗೆ 13 ಡಿಗ್ರಿಯೇ ಗಡಿ ಎಂಬ ಪಾಠಕ್ಕೆ ಆ ಹಬ್ಬದ ವ್ಯಾಪಾರವನ್ನೇ ತೆತ್ತೆ. ಆಗಲೇ ಇನ್ನೊಂದನ್ನೂ ಗಮನಿಸಿದೆ: ಪೂಜೆಗೆ ಕೊಳ್ಳುವವರು ಬಣ್ಣಕ್ಕಿಂತ ತೊಟ್ಟನ್ನು ನೋಡುತ್ತಾರೆ. ಮಾಗಿದ ಏಲಕ್ಕಿ ಚಿಪ್ಪಿನಿಂದ ಬೇಗ ಉದುರುತ್ತದೆ, ಉದುರಿದ್ದನ್ನು ತಾಂಬೂಲಕ್ಕೆ ಇಡಲು ಯಾರಿಗೂ ಮನಸ್ಸಾಗುವುದಿಲ್ಲ. ಆದ್ದರಿಂದ ಹಬ್ಬದ ಹಣ್ಣನ್ನು ತುಸು ದೋರೆಯಾಗಿರುವಾಗಲೇ ಅಂಗಡಿಗೆ ಇಳಿಸುತ್ತೇನೆ. ಮಳೆಗಾಲದಲ್ಲಂತೂ ತಂಪುಕೋಣೆಯ ಹಣ್ಣನ್ನು ಎರಡು ಮೂರು ಗಂಟೆ ಹೊರಗಿಟ್ಟೇ ಮಾರಬೇಕು. ಮುಟ್ಟಿದರೆ ತಣ್ಣಗಿರುವ ಬಾಳೆಯನ್ನು, ಮಕ್ಕಳಿಗೆ ಶೀತವಾಗುತ್ತದೆಂದು ತಾಯಂದಿರು ಒಲ್ಲರು.

ಸೇಬಿನ ಕಥೆಯೇ ಬೇರೆ. "ಇಟ್ಟ ಬಾಳೆ ಬೇಡಪ್ಪ, ಇವತ್ತಿನದು ಕೊಡು" ಎನ್ನುವ ಅಜ್ಜಿಯೇ, ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಕೊಯ್ದು, ಆಮ್ಲಜನಕ ತಗ್ಗಿಸಿದ ಶೈತ್ಯಾಗಾರದಲ್ಲಿ ತಿಂಗಳುಗಟ್ಟಲೆ ಕಾದಿಟ್ಟ ಸೇಬನ್ನು ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿರುವ ಬಂಧುವಿಗಾಗಿ ಸಂತೋಷದಿಂದ ಒಯ್ಯುತ್ತಾರೆ. ನಮ್ಮ ಹಿತ್ತಲಲ್ಲಿ ಬೆಳೆಯುವ ಹಣ್ಣಿಗಷ್ಟೇ ನಾವು ತಂಗಳೆಂಬ ಮಾತನ್ನು ಅನ್ವಯಿಸುತ್ತೇವೆ ಎಂದು ನನಗೆ ಅನ್ನಿಸಿದೆ; ಸೇಬನ್ನು ಗಿಡದಲ್ಲಿ ಕಂಡವರು ಇಲ್ಲಿ ಕಡಿಮೆ, ಅದರ ತಾಜಾತನಕ್ಕೆ ಕಚ್ಚಿದಾಗ ಬರುವ ಸದ್ದೊಂದೇ ಸಾಕ್ಷಿ.

ಹೊಗೆಕೋಣೆಯನ್ನು ನಾನು ಕೆಡವಲಿಲ್ಲ. ವಾರಕ್ಕೆ ನಾಲ್ಕು ಗೊನೆ ಪಚ್ಚಬಾಳೆಯನ್ನು ಅಲ್ಲಿಯೇ ಹಣ್ಣಿಗೆ ಹಾಕಿ, ಹಳದಿ ಚಿಪ್ಪುಗಳ ಪಕ್ಕದಲ್ಲಿಟ್ಟು, ಕೇಳಿದವರಿಗೆ ಎರಡನ್ನೂ ಸುಲಿದು ಕೊಡುತ್ತೇನೆ. ತಿಂದು ನೋಡಿದವರಲ್ಲಿ ಕೆಲವರು ಹಸುರನ್ನು ಒಯ್ಯುತ್ತಾರೆ, ಆದರೆ ಮನೆಯವರು ಕಾಯಿ ಎಂದಾರೆಂದು ಒಂದು ಹಳದಿ ಚಿಪ್ಪನ್ನೂ ಜೊತೆಗೆ ಕಟ್ಟಿಸಿಕೊಳ್ಳುತ್ತಾರೆ.