ಲಿನಕ್ಸ್ ಲ್ಯಾಪ್‌ಟಾಪ್‌ಗೆ ವಯಸ್ಸು ಕೇಳೋ ಪರದೆ ನಾನೇ ಹಾಕಿದ್ದು ಹೀಗೆ

ಕ್ಯಾಲಿಫೋರ್ನಿಯಾದಲ್ಲಿ ಎಬಿ 1043 ಅಂತ ಒಂದು ಕಾನೂನು ಬಂದಿದೆ, ಗವರ್ನರ್ ನ್ಯೂಸಮ್ 2025ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ್ರು, ಜಾರಿ ಆಗೋದು 2027ರ ಜನವರಿ 1ರಿಂದ. ಅದು ಹೇಳೋದಿಷ್ಟು, ಹೊಸ ಖಾತೆ ತೆರೆಯೋವಾಗ ಬಳಸೋರ ವಯಸ್ಸೋ ಹುಟ್ಟಿದ ದಿನಾಂಕವೋ ಆಪರೇಟಿಂಗ್ ಸಿಸ್ಟಮ್ಮೇ (ಅಂದ್ರೆ ಫೋನು ಕಂಪ್ಯೂಟರು ನಡೆಸೋ ಮೂಲ ಸಾಫ್ಟ್‌ವೇರೇ) ಕೇಳ್ಬೇಕು, ಆಮೇಲೆ ಆ್ಯಪ್‌ಗಳು ಕೇಳಿದ್ರೆ 13ಕ್ಕಿಂತ ಕಮ್ಮಿ, 13ರಿಂದ 15, 16-17, 18 ಮತ್ತು ಮೇಲೆ, ಈ ನಾಲ್ಕು ಗುಂಪಲ್ಲಿ ಯಾವುದು ಅಂತ ಹೇಳ್ಬೇಕು. ಫೋನ್ ಕಂಪನಿಗಳಿಗೆ ಇದು ದೊಡ್ಡ ಕೆಲ್ಸ ಅಲ್ಲ, ಅವರ ಹತ್ರ ಖಾತೆ ಇದೆ ಸ್ಟೋರ್ ಇದೆ ವಕೀಲರಿದ್ದಾರೆ. ಆದ್ರೆ ಕಾನೂನಲ್ಲಿ 'ಆಪರೇಟಿಂಗ್ ಸಿಸ್ಟಮ್ ಒದಗಿಸೋರು' ಅಂದ್ರೆ ಅದನ್ನ ತಯಾರು ಮಾಡೋರು, ಲೈಸೆನ್ಸ್ ಕೊಡೋರು ಅಥವಾ ನಿಯಂತ್ರಿಸೋರು ಅಂತ ಇದೆ, ಹಾಗಾದ್ರೆ ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಗುಬ್ಬಿ ನವಿಲು ಅನ್ನೋ ಕನ್ನಡ ಫಾಂಟು, ಕನ್ನಡ ಟೈಪ್ ಮಾಡೋಕೆ ಐಬಸ್ ಕೀಬೋರ್ಡು ಎಲ್ಲಾ ಸೇರಿಸಿ, ಅದ್ರದ್ದೊಂದು ಇಮೇಜ್ (ಹಾಗೇ ಬೇರೆ ಲ್ಯಾಪ್‌ಟಾಪ್‌ಗೆ ಹಾಕೋ ಪೂರ್ತಿ ನಕಲು) ಮಾಡಿ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾರಾಂತ್ಯದ ಕನ್ನಡ ಕ್ಲಾಸಿಗೆ ಬರೋ ಮಕ್ಕಳಿಗೆ ಕೊಡೋ ನನ್ನಂಥೋನೂ ಅದ್ರಲ್ಲಿ ಬರ್ತೀನಾ? ದಂಡ ಬೇರೆ ಇದೆ, ನಿರ್ಲಕ್ಷ್ಯ ಆದ್ರೆ ಪ್ರತಿ ಮಗುವಿಗೆ 2,500 ಡಾಲರ್‌ವರೆಗೆ, ಬೇಕಂತ್ಲೇ ಮಾಡಿದ್ರೆ 7,500ವರೆಗೆ. ಸಂಬಳ ಇಲ್ದೆ ಕೆಲ್ಸ ಮಾಡೋರ ಮೇಲೆ ಇಂಥ ಹೊರೆ ಹಾಕೋದು ತಪ್ಪು ಅಂತ ನಾನು ಗಟ್ಟಿಯಾಗೇ ಹೇಳ್ತೀನಿ.

'ಕ್ಯಾಲಿಫೋರ್ನಿಯಾದವರು ಬಳಸಬಾರದು' ಅಂತ ಒಂದು ಸಾಲು ಬರೆದುಬಿಡು ಮಾರಾಯ ಅಂತ ಒಬ್ಬ ಗೆಳೆಯ ಹೇಳಿದ. ಅದು ಆಗಲ್ಲ. ಓಪನ್ ಸೋರ್ಸ್ (ಯಾರು ಬೇಕಾದ್ರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಅನ್ನೋದಕ್ಕೆ ಇರೋ ವ್ಯಾಖ್ಯೆಯ 5ನೇ ಅಂಶವೇ ಯಾವ ವ್ಯಕ್ತಿಗೂ ಗುಂಪಿಗೂ ಭೇದ ಮಾಡಬಾರದು ಅನ್ನತ್ತೆ, ಮೇಲಾಗಿ ನನ್ನ ಕ್ಲಾಸಿನ ಮಕ್ಕಳೆಲ್ಲಾ ಇರೋದೇ ಇಲ್ಲಿ. ಸರಿ, ಮಾಡೋದೇ ಆದ್ರೆ ಮಕ್ಕಳ ಮಾಹಿತಿ ಆದಷ್ಟೂ ಕಮ್ಮಿ ಇಟ್ಕೊಂಡು ಮಾಡೋಣ ಅಂತ ಕೂತೆ.

ಅರ್ಧ ಕೆಲ್ಸ ಗ್ನೋಮ್‌ನಲ್ಲಿ, ಅಂದ್ರೆ ಲಿನಕ್ಸ್‌ನ ಪರದೆ ಮೆನು ಎಲ್ಲಾ ನೋಡ್ಕೊಳೋ ಡೆಸ್ಕ್‌ಟಾಪ್‌ನಲ್ಲಿ, ಆಗ್ಲೇ ಇತ್ತು. ಮಾಲ್‌ಕಂಟೆಂಟ್ ಅಂತ ಒಂದು ಪ್ಯಾಕೇಜ್ ಇದೆ, ಪೇರೆಂಟಲ್ ಕಂಟ್ರೋಲ್‌ದು, ಮಗುವಿನ ಖಾತೆಗೆ ಯಾವ ಮಟ್ಟದ ಆ್ಯಪ್ ಸರಿ ಅಂತ ಅದ್ರಲ್ಲಿ ಹಾಕಿದ್ರೆ ಅದಕ್ಕೆ ಮೀರಿದ್ದನ್ನ ಗ್ನೋಮ್ ಸಾಫ್ಟ್‌ವೇರ್ ಅನ್ನೋ ಅದ್ರ ಆ್ಯಪ್ ಸ್ಟೋರ್ ತೋರಿಸೋದೇ ಇಲ್ಲ, ಆ್ಯಪ್ ಹಾಕೋ ಓಡಿಸೋ ಫ್ಲ್ಯಾಟ್‌ಪ್ಯಾಕ್ ಕೂಡ ಅದನ್ನ ನೋಡ್ಕೊಳತ್ತೆ. ಇಲ್ದೇ ಇದ್ದಿದ್ದು ವಯಸ್ಸು ಕೇಳೋದು, ಗುಂಪು ಹೇಳೋದು. ಅದಕ್ಕೆ ಪೈಥಾನ್ ಭಾಷೆಯಲ್ಲಿ ಡಿ-ಬಸ್ ಸರ್ವಿಸ್ ಒಂದನ್ನ ಬರೆದೆ, ಚಿಕ್ಕದು. ಡಿ-ಬಸ್ ಅಂದ್ರೆ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಒಂದನ್ನೊಂದು ಮಾತಾಡಿಸೋ ದಾರಿ. ವಯಸ್ಸು ಬದಲಾಯಿಸೋಕೆ ಅಪ್ಪ ಅಮ್ಮನ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದನ್ನ ಲಿನಕ್ಸ್‌ನಲ್ಲಿ ಅನುಮತಿ ಪರೀಕ್ಷಿಸೋ ಪೋಲ್‌ಕಿಟ್ ನೋಡ್ಕೊಳತ್ತೆ. ಓದೋಕೆ ಇರೋದು ಒಂದೇ ಫಂಕ್ಷನ್, ಕೇಳಿದ ಪ್ರೋಗ್ರಾಂ ಯಾವ ಖಾತೆಯಿಂದ ಓಡ್ತಿದೆ ಅಂತ ಬಸ್ಸೇ ಹೇಳತ್ತೆ, ಹಾಗಾಗಿ ಪಕ್ಕದ ಖಾತೆಯ ತಂಗಿ ವಯಸ್ಸು ಕೇಳೋಕೆ ದಾರಿ ಇಲ್ಲ. ವಾಪಸ್ ಬರೋದು 0ಯಿಂದ 3ರೊಳಗಿನ ಒಂದು ಅಂಕಿ, ಗುಂಪಿಗೊಂದರಂತೆ, ಅಷ್ಟೇ.

ತುಂಬಾ ತಲೆ ಕೆಡಿಸ್ಕೊಂಡಿದ್ದು ಡಿಸ್ಕ್ ಮೇಲೆ ಏನು ಬರೆದಿಡೋದು ಅನ್ನೋದಕ್ಕೆ. ಗುಂಪು ಮಾತ್ರ ಬರೆದಿಟ್ರೆ ಮಗು ಬೆಳೆದ್ರೂ ಅದು ಹಾಗೇ ಇರತ್ತೆ. ಹುಟ್ಟಿದ ದಿನಾಂಕ ಬರೆದಿಟ್ರೆ ಲೆಕ್ಕ ಸರಿ ಬರತ್ತೆ, ಆದ್ರೆ ಲ್ಯಾಪ್‌ಟಾಪ್ ಕಳೆದೋದ್ರೆ ಮಗುವಿನ ಹೆಸರಿನ ಜೊತೆ ದಿನಾಂಕನೂ ಹೋಯ್ತು. ಅದೂ ಅಲ್ದೆ ಯಾವ್ದೋ ಆ್ಯಪ್ ದಿನಾ ಕೇಳ್ತಾ ಕೂತ್ರೆ, ಉತ್ತರ 0ಯಿಂದ 1ಕ್ಕೆ ಬದಲಾದ ದಿನವೇ 13ನೇ ಹುಟ್ಟುಹಬ್ಬ ಅಂತ ಅದಕ್ಕೆ ಗೊತ್ತಾಗ್ಬಿಡತ್ತೆ, ಅಂದ್ರೆ ನಾವು ಬಚ್ಚಿಟ್ಟಿದ್ದು ಹಿಂದಿನ ಬಾಗಿಲಿಂದ ಆಚೆ ಹೋದ ಹಾಗೆ. ಕಾನೂನಲ್ಲಿ ವಯಸ್ಸು ಅಥವಾ ದಿನಾಂಕ ಅಂತ ಇದೆಯಲ್ಲ, ನಾನು ವಯಸ್ಸು ಮಾತ್ರ ಕೇಳ್ತೀನಿ, ಅದ್ರ ಜೊತೆ ಕೇಳಿದ ತಿಂಗಳು ಬರೆದಿಡ್ತೀನಿ, ಪ್ರತಿ ವರ್ಷ ಆ ತಿಂಗಳು ಬಂದಾಗ ಒಂದು ಕೂಡ್ತೀನಿ. ಹೀಗೆ ಮಾಡಿದ್ರೆ ಮಗು ಹೆಚ್ಚಂದ್ರೆ ಒಂದು ವರ್ಷ ಕೆಳಗಿನ ಗುಂಪಲ್ಲೇ ಉಳಿಯಬಹುದು, ಪರವಾಗಿಲ್ಲ, ಬೇಕಾದ್ರೆ ಅಪ್ಪ ಅಮ್ಮ ತಿದ್ದಬಹುದು. ಆ್ಯಪ್‌ಗೆ ಸಿಗೋದು ಲ್ಯಾಪ್‌ಟಾಪ್ ಸೆಟಪ್ ಮಾಡಿದ ತಿಂಗಳು, ಹುಟ್ಟಿದ್ದಲ್ಲ. ಫೈಲನ್ನ ರೂಟ್, ಅಂದ್ರೆ ಯಂತ್ರದ ಮುಖ್ಯ ಅಡ್ಮಿನ್ ಖಾತೆ, ಒಂದೇ ಓದೋ ಹಾಗೆ 600 ಪರ್ಮಿಷನ್.

ಪರದೆ ಮೇಲಿನ ಮಾತು ಕನ್ನಡದಲ್ಲೇ ಹಾಕಿದೀನಿ: 'ಈ ಖಾತೆ ಬಳಸೋರ ವಯಸ್ಸೆಷ್ಟು? ಇದು ಈ ಲ್ಯಾಪ್‌ಟಾಪ್‌ನಲ್ಲೇ ಇರತ್ತೆ. ಕೇಳಿದ ಆ್ಯಪ್‌ಗೆ ನಾಲ್ಕು ಗುಂಪಲ್ಲಿ ಯಾವುದು ಅಂತ ಮಾತ್ರ ತಿಳಿಯತ್ತೆ.' ಲ್ಯಾಪ್‌ಟಾಪ್ ತಗೊಳೋಕೆ ಬಂದ ಒಬ್ಬರು ತಾಯಿ ಇದನ್ನ ಓದಿ, 'ಏನ್ರೀ, ಪಾಸ್‌ಪೋರ್ಟ್ ಏನಾದ್ರೂ ಸ್ಕ್ಯಾನ್ ಮಾಡ್ಬೇಕಾ' ಅಂದ್ರು. ಇಲ್ಲ ಮೇಡಂ, ನೀವು ಹೇಳಿದ್ದೇ ಸರಿ ಅಂತ ತಗೊಳತ್ತೆ ಅಂದೆ. ವೀಸಾ ಮೇಲಿರೋರಿಗೆ ಈ ಭಯ ಎಷ್ಟು ಅಂತ ಅವರನ್ನೇ ಕೇಳ್ಬೇಕು. ಎಬಿ 1043ರಲ್ಲಿ ನಂಗೆ ಒಪ್ಪಿಗೆ ಆಗೋದು ಇದೊಂದೇ, ಐಡಿ ಕೇಳಲ್ಲ, ಮುಖ ಸ್ಕ್ಯಾನ್ ಕೇಳಲ್ಲ. ಟೆಕ್ಸಸ್ ಕಾನೂನು ಬೇರೆ ದಾರಿ ಹಿಡಿದಿತ್ತು, ಆ್ಯಪ್ ಸ್ಟೋರ್‌ಗಳೇ ವಯಸ್ಸು ಪರೀಕ್ಷೆ ಮಾಡ್ಬೇಕು ಅಂತ, ಅದಕ್ಕೆ 2025ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ರು.

ಊರಲ್ಲಿರೋ ನಮ್ಮಣ್ಣನ ಮಕ್ಕಳಿಗೂ ಇದೇ ಇಮೇಜ್ ಕಳ್ಸಿದೀನಿ. ಅಲ್ಲಿ ಲೆಕ್ಕ ಬೇರೆ, ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ಆಗದೇ ಇರೋರೆಲ್ಲಾ ಮಕ್ಕಳೇ, ಅಪ್ಪ ಅಮ್ಮನ ಒಪ್ಪಿಗೆ ತಗೊಳೋ ಜವಾಬ್ದಾರಿ ಮಾಹಿತಿ ತಗೊಳೋ ಕಂಪನಿದು, ಆಪರೇಟಿಂಗ್ ಸಿಸ್ಟಮ್‌ದಲ್ಲ. ಅಲ್ಲಿಗೆ ಹೋಗೋ ಇಮೇಜ್‌ನಲ್ಲಿ ಈ ಪರದೆ ಆಫ್ ಮಾಡಿಟ್ಟಿದೀನಿ.

ಮಗು ಎಲ್ಲಿಂದಾದ್ರೂ ಫೈಲ್ ಡೌನ್‌ಲೋಡ್ ಮಾಡಿ ಓಡಿಸಿದ್ರೆ ಏನ್ಮಾಡ್ತೀಯ ಅಂತ ತುಂಬಾ ಜನ ಕೇಳಿದ್ರು. ಮಗುವಿನ ಫೈಲುಗಳಿರೋ ಹೋಮ್ ಫೋಲ್ಡರ್‌ಗೆ ನೋ-ಎಕ್ಸೆಕ್ (ಅಲ್ಲಿರೋ ಪ್ರೋಗ್ರಾಂ ಓಡಿಸೋಕೆ ಬಿಡದ ಸೆಟ್ಟಿಂಗ್) ಹಾಕಿದ್ರೆ ಆ ದಾರಿ ಬಹುಪಾಲು ಮುಚ್ಚತ್ತೆ. ನಾನು ಹಾಕಿಲ್ಲ, ಹಾಕೋದೂ ಇಲ್ಲ. ಕ್ಲಾಸಲ್ಲಿ ಒಬ್ಬಳು ಹುಡುಗಿ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದಾಳೆ, ನೋ-ಎಕ್ಸೆಕ್ ಇದ್ರೆ ತಾನು ಬರೆದು ಕಂಪೈಲ್ ಮಾಡಿದ್ದನ್ನ ತಾನೇ ಓಡಿಸೋಕಾಗಲ್ಲ. ಈ ಮಕ್ಕಳಿಗೆ ಲಿನಕ್ಸ್ ಕೊಡ್ತಿರೋದೇ ಯಂತ್ರದ ಒಳಗೆ ಕೈ ಹಾಕಿ ಕಲೀಲಿ ಅಂತ. ಕಾನೂನು ಕೂಡ ವಯಸ್ಸು ಕೇಳಿ ಸಿಗ್ನಲ್ ಕೊಡು ಅನ್ನತ್ತೆ ಹೊರತು ಮಗು ಬರೆದ ಪ್ರೋಗ್ರಾಂ ತಡಿ ಅನ್ನಲ್ಲ.

ಇನ್ನೂ ಬಗೆಹರಿದೇ ಇರೋದು ಎರಡಿದೆ. ಒಂದು, ಮನೇಲಿ ಒಂದೇ ಖಾತೇಲಿ ಅಣ್ಣ ತಂಗಿ ಇಬ್ರೂ ಕೂರ್ತಾರೆ, ಆಗ ಯಾರ ವಯಸ್ಸು? ಇಂಥ ಹಂಚ್ಕೊಂಡ ಖಾತೆಗಳ ವಿಷಯ ಜಾರಿಗೆ ಮುಂಚೆ ಸರಿ ಮಾಡಿ ಅಂತ ಗವರ್ನರ್ ಸಹಿ ಹಾಕೋವಾಗ್ಲೇ ಶಾಸಕರಿಗೆ ಬರೆದಿದ್ರು. ಸದ್ಯಕ್ಕೆ ನಾನು ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡ್ಕೊಡ್ತಿದೀನಿ. ಇನ್ನೊಂದು, ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳು ಸ್ಯಾಂಡ್‌ಬಾಕ್ಸ್ (ಉಳಿದ ಯಂತ್ರದಿಂದ ಬೇರೆ ಮಾಡಿಟ್ಟ ಬೇಲಿ) ಒಳಗಿರೋದ್ರಿಂದ ನನ್ನ ಸರ್ವಿಸ್ಸನ್ನ ಮುಟ್ಟೋಕಾಗಲ್ಲ, ಅದಕ್ಕೆ ಸರಿಯಾದ ಜಾಗ ಎಕ್ಸ್‌ಡಿಜಿ ಪೋರ್ಟಲ್, ಅಂದ್ರೆ ಬೇಲಿಯೊಳಗಿನ ಆ್ಯಪ್‌ಗಳು ಹೊರಗಿನದ್ದನ್ನ ಅನುಮತಿ ಕೇಳಿ ಪಡೆಯೋ ಬಾಗಿಲು, ಕ್ಯಾಮೆರಾ ಕೇಳೋ ಹಾಗೆ ವಯಸ್ಸಿನ ಗುಂಪನ್ನೂ ಕೇಳ್ಕೊಂಡು ಹೋಗ್ಬೇಕು. ಮುಂದೆ ನಾನು ಕೈ ಹಾಕೋದು ಅದಕ್ಕೇ. ಆ ಕಡೆ ಕೆಲ್ಸ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದೇ ವಿನಂತಿ, ಹುಟ್ಟಿದ ದಿನಾಂಕ ಹೊರಗೆ ಕೊಡೋ ಫಂಕ್ಷನ್ ದಯವಿಟ್ಟು ಇಡಬೇಡಿ, ಒಂದ್ಸಲ ಇಟ್ರೆ ಅದನ್ನ ತೆಗೆಸೋಕೆ ಯಾರ ಕೈಲೂ ಆಗಲ್ಲ.