ಪೋಲೊ ಕ್ಲಬ್ಬಿನಲ್ಲಿ ಪ್ರೇಕ್ಷಕನಾಗಿ: ಆಟ ಕಣ್ಣಿಗೆ ಹತ್ತಿದ ಬಗೆ

ಕುದುರೆಯ ಮೇಲೆ ಕುಳಿತು ಉದ್ದ ಕೋಲಿನಿಂದ ಚೆಂಡು ಹೊಡೆಯುವ ಪೋಲೊ ಆಟದ ಪಂದ್ಯ ನೋಡಲು ಹೋಗುವವರಿಗೆ ಎದುರಾಗುವ ಮೊದಲ ತೊಡಕೆಂದರೆ ಮೈದಾನದ ವಿಸ್ತಾರ. ಪೂರ್ಣ ಅಳತೆಯ ಮೈದಾನದ ಉದ್ದ 300 ಗಜ. ಅಂಚಿನಲ್ಲಿ ಗಿಡ್ಡ ಹಲಗೆಗಳನ್ನು ನೆಟ್ಟಿದ್ದರೆ ಅಗಲ 160 ಗಜ, ಹಲಗೆ ಇಲ್ಲದಿದ್ದರೆ 200 ಗಜದವರೆಗೂ ಇರುತ್ತದೆ. ಒಂದು ತುದಿಯಲ್ಲಿ ಗೋಲು ಬಿದ್ದರೆ ಇನ್ನೊಂದು ತುದಿಯಲ್ಲಿದ್ದವರಿಗೆ ಕಾಣುವುದು ಕುದುರೆಗಳ ಗುಂಪು ಮತ್ತು ಬೀಸಿದ ಬಾವುಟ ಮಾತ್ರ. ಸಮೀಪದ ಕ್ಲಬ್ಬಿನ ಪಂದ್ಯಗಳಿಗೆ ಹೋಗತೊಡಗಿದ ಮೇಲೆ ನಾನು ಕಂಡುಕೊಂಡದ್ದೇನೆಂದರೆ, ಎಲ್ಲಿ ಕುಳಿತುಕೊಳ್ಳಬೇಕು ಮತ್ತು ಏನನ್ನು ನೋಡಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡರೆ, ಜನ್ಮದಲ್ಲಿ ಕುದುರೆ ಏರದವರಿಗೂ ಈ ಆಟ ಬಹುಬೇಗ ಅರ್ಥವಾಗುತ್ತದೆ.

ನಾನು ಕುಳಿತುಕೊಳ್ಳುವುದು ಉದ್ದನೆಯ ಬದಿಯ ನಡುಭಾಗದಲ್ಲಿ, ಸಾಧ್ಯವಾದರೆ ತುಸು ಎತ್ತರದಲ್ಲಿ, ಇಳಿಬಿಸಿಲು ಬೆನ್ನಿಗೆ ಬೀಳುವ ಕಡೆ. ಗೋಲು ಕಂಬಗಳ ಹಿಂದೆ ನಿಂತರೆ ಗೋಲು ಚೆನ್ನಾಗಿ ಕಾಣುತ್ತದೆಂದು ಕೆಲವರು ಅಲ್ಲಿಗೆ ಹೋಗುವುದುಂಟು. ಆದರೆ ಗಂಟೆಗೆ 50 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುವ ಕುದುರೆ ಗೆರೆಯ ಬಳಿ ಗಕ್ಕನೆ ನಿಲ್ಲಲಾರದು. ಅದು ಕಂಬಗಳನ್ನು ದಾಟಿ ಬಹಳ ದೂರ ಓಡಿಯೇ ತಿರುಗುತ್ತದೆ. ಬದಿಯ ಹಲಗೆಗಳೂ ಒಂದಡಿಗಿಂತ ಗಿಡ್ಡ. ಅವು ನೆಲದಲ್ಲಿ ಉರುಳುವ ಚೆಂಡನ್ನು ತಡೆಯುತ್ತವೆಯೇ ಹೊರತು ಗಾಳಿಯಲ್ಲಿ ಹಾರಿಬರುವ ಚೆಂಡನ್ನಾಗಲಿ ಕುದುರೆಯನ್ನಾಗಲಿ ತಡೆಯುವುದಿಲ್ಲ. ಹಾಗಾಗಿ ಪ್ರೇಕ್ಷಕರಿಗೆಂದು ಗುರುತಿಸಿದ ಗೆರೆಯ ಹಿಂದೆಯೇ ಇರುವುದು, ಚೆಂಡು ನಮ್ಮತ್ತ ಬಂದಾಗ ಫೋನಿನಲ್ಲಿ ಚಿತ್ರ ತೆಗೆಯುವುದನ್ನು ಬಿಟ್ಟು ಕಣ್ಣಿಟ್ಟು ನೋಡುವುದು, ಮಕ್ಕಳನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವುದು ಅಗತ್ಯ.

ಪಂದ್ಯ ಶುರುವಾಗುವುದಕ್ಕೆ ಸಾಕಷ್ಟು ಮುಂಚೆ ಹೋದರೆ ಕುದುರೆಗಳನ್ನು ಕಟ್ಟುವ ಸಾಲನ್ನು ದೂರದಿಂದ ನೋಡಬಹುದು. ಈ ಕುದುರೆಗಳ ಕತ್ತಿನ ಕೂದಲನ್ನು ಬುಡಮಟ್ಟ ಬೋಳಿಸಿರುತ್ತಾರೆ, ಬಾಲವನ್ನು ಹೆಣೆದು ಮೇಲಕ್ಕೆ ಮಡಿಚಿ ಪಟ್ಟಿ ಸುತ್ತಿರುತ್ತಾರೆ; ಇದೆಲ್ಲ ಅಲಂಕಾರವೆಂದು ತೋರಿದರೂ ಮ್ಯಾಲೆಟ್ (ಚೆಂಡು ಹೊಡೆಯುವ ಕೋಲು) ಮತ್ತು ಲಗಾಮು ಕೂದಲಿಗೆ ಸಿಕ್ಕಿಕೊಳ್ಳದಿರಲಿ ಎಂಬುದೇ ನಿಜವಾದ ಕಾರಣ. ಬಾಲ ಕಟ್ಟುವುದನ್ನು ನಾನು ಒಮ್ಮೆ ನಿಂತು ನೋಡಿದೆ: ಲಾಯದ ಕೆಲಸಗಾರ ಕುದುರೆಯ ನೇರ ಹಿಂದೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದು, ಎಡಗೈಯಲ್ಲಿ ಬಾಲದ ಬುಡವನ್ನು ಹಿಡಿದು, ಕೂದಲನ್ನು ಮೂರು ಎಳೆ ಮಾಡಿ ಹೆಣೆದು, ತುದಿಯನ್ನು ಮೇಲಕ್ಕೆ ಮಡಿಚಿ, ಅದರ ಮೇಲೆ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತ ಬಂದ, ಕುದುರೆ ಕಿವಿ ಹಿಂದಕ್ಕೆ ಮಲಗಿಸಿದಾಗಲೆಲ್ಲ ಕೈ ನಿಲ್ಲಿಸಿ ಅದರ ತೊಡೆಯನ್ನು ತಟ್ಟುತ್ತಿದ್ದ. ಆಟದ ಪ್ರತಿ ಸುತ್ತಿಗೆ ಚಕ್ಕರ್ ಎನ್ನುತ್ತಾರೆ, ಅದು 7 ನಿಮಿಷದ್ದು. ಪ್ರತಿ ಚಕ್ಕರಿಗೂ ಆಟಗಾರರು ಕುದುರೆ ಬದಲಿಸುವುದರಿಂದ ಸಾಲಿನಲ್ಲಿ ಆಟಗಾರರ ಸಂಖ್ಯೆಗಿಂತ ಎಷ್ಟೋ ಹೆಚ್ಚು ಕುದುರೆಗಳಿರುತ್ತವೆ. ಒಂದು ಕುದುರೆಯನ್ನು ಎರಡನೆಯ ಸಲ ಆಡಿಸುವುದಾದರೆ ನಡುವೆ ವಿಶ್ರಾಂತಿ ಕೊಟ್ಟೇ ಆಡಿಸುತ್ತಾರೆ.

ಅಂಕಫಲಕ ಹೊಸಬರನ್ನು ಸಾಕಷ್ಟು ಗೊಂದಲಕ್ಕೀಡುಮಾಡುತ್ತದೆ, ಏಕೆಂದರೆ ಪಂದ್ಯ ಆರಂಭವಾಗುವ ಮೊದಲೇ ಒಂದು ತಂಡದ ಹೆಸರಿನ ಮುಂದೆ ಗೋಲುಗಳು ಬರೆದಿರಬಹುದು. ಪ್ರತಿ ಆಟಗಾರನಿಗೂ ಅವನ ಸಾಮರ್ಥ್ಯಕ್ಕೆ ತಕ್ಕಂತೆ ಮೈನಸ್ 2ರಿಂದ 10ರವರೆಗೆ ಹ್ಯಾಂಡಿಕ್ಯಾಪ್ ಎಂಬ ಅಂಕ ಇರುತ್ತದೆ. 10 ಎಂದರೆ ಲೋಕದಲ್ಲೇ ಬೆರಳೆಣಿಕೆಯ ಮಂದಿಗೆ ಸಿಗುವ ಸ್ಥಾನ. ನಾಲ್ವರು ಆಟಗಾರರ ಹ್ಯಾಂಡಿಕ್ಯಾಪ್ ಕೂಡಿಸಿದರೆ ತಂಡದ್ದು ಬರುತ್ತದೆ. ಹ್ಯಾಂಡಿಕ್ಯಾಪ್ ಪಂದ್ಯದಲ್ಲಿ ಎರಡು ತಂಡಗಳ ನಡುವಿನ ವ್ಯತ್ಯಾಸವನ್ನು ಚಕ್ಕರುಗಳ ಸಂಖ್ಯೆಯಿಂದ ಗುಣಿಸಿ 6ರಿಂದ ಭಾಗಿಸಿ, ಬಂದಷ್ಟು ಗೋಲುಗಳನ್ನು ದುರ್ಬಲ ತಂಡಕ್ಕೆ ಕೊಡುತ್ತಾರೆ. 4 ಚಕ್ಕರಿನ ಪಂದ್ಯದಲ್ಲಿ 8ರ ತಂಡಕ್ಕೆ 5ರ ತಂಡ ಎದುರಾದರೆ ದುರ್ಬಲ ತಂಡ 2 ಗೋಲುಗಳ ಮುನ್ನಡೆಯೊಂದಿಗೆ ಕಣಕ್ಕಿಳಿಯುತ್ತದೆ. ಭಿನ್ನರಾಶಿ ಉಳಿದರೆ ಅದನ್ನು ಅರ್ಧ ಗೋಲೆಂದು ಎಣಿಸುವುದು ವಾಡಿಕೆ. ಪಂದ್ಯ ಅರ್ಧ ಗೋಲಿನಲ್ಲಿ ಮುಗಿಯುವ ಸೋಜಿಗ ಹೀಗೆ ಹುಟ್ಟುತ್ತದೆ. ಇದರ ಜೊತೆಗೆ, ಗೋಲು ಬಿದ್ದ ಮೇಲೆ ತಂಡಗಳು ಸಾಮಾನ್ಯವಾಗಿ ದಿಕ್ಕು ಬದಲಿಸುತ್ತವೆ ಎಂಬುದನ್ನು ನೆನಪಿಟ್ಟುಕೊಳ್ಳದಿದ್ದರೆ ಯಾರು ಎತ್ತ ಹೊಡೆಯುತ್ತಿದ್ದಾರೆಂಬುದೇ ತಿಳಿಯದೆ ತಪ್ಪು ತಂಡಕ್ಕೆ ಚಪ್ಪಾಳೆ ತಟ್ಟಬೇಕಾಗುತ್ತದೆ.

ಇನ್ನು ಏನನ್ನು ನೋಡಬೇಕೆಂಬ ವಿಚಾರ. ನನ್ನ ಮಟ್ಟಿಗೆ ಇದಕ್ಕೆ ಒಂದೇ ಉತ್ತರ: ಚೆಂಡಿನ ಗೆರೆ. ಹೊಡೆತ ಬಿದ್ದ ಕ್ಷಣದಲ್ಲಿ ಚೆಂಡು ಸಾಗಿದ ದಿಕ್ಕಿಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದು ಭಾವಿಸಿಕೊಳ್ಳಬೇಕು, ಆ ಗೆರೆ ಚೆಂಡಿಗಿಂತ ಮುಂದಕ್ಕೂ ಚಾಚಿಕೊಂಡಿರುತ್ತದೆ. ಚೆಂಡನ್ನು ತನ್ನ ಬಲಗಡೆಗೆ ಇಟ್ಟುಕೊಂಡು ಆ ಗೆರೆಯ ಜೊತೆಗೆ ಸಾಗುವ ಸವಾರನಿಗೆ ದಾರಿಯ ಹಕ್ಕು ಸೇರುತ್ತದೆ. ಅವನು ತನ್ನ ಕುದುರೆಯನ್ನು ತಡೆಯಬೇಕಾಗಿ ಬರುವಷ್ಟು ಹತ್ತಿರದಲ್ಲಿ ಬೇರೊಬ್ಬ ಗೆರೆಯನ್ನು ಅಡ್ಡ ಹಾಯ್ದರೆ ಫೌಲ್. ಮ್ಯಾಲೆಟನ್ನು ಎಲ್ಲರೂ ಬಲಗೈಯಲ್ಲೇ ಹಿಡಿಯಬೇಕು, ಎಡಚರಿಗೂ ವಿನಾಯಿತಿ ಇಲ್ಲ ಎಂಬ ನಿಯಮದ ಹಿಂದಿನ ತರ್ಕವೂ ಇಲ್ಲಿದೆ: ಎದುರುಬದುರಾಗಿ ಬರುವ ಇಬ್ಬರೂ ಚೆಂಡನ್ನು ತಂತಮ್ಮ ಬಲಕ್ಕೆ ಬಿಟ್ಟುಕೊಂಡರೆ ಢಿಕ್ಕಿಯಾಗದೆ ಪಕ್ಕಕ್ಕೆ ಸರಿದು ಹೋಗುತ್ತಾರೆ.

ಒಂದು ಪಂದ್ಯದಲ್ಲಿ ಇದು ನನಗೆ ಕಣ್ಣೆದುರೇ ಸ್ಪಷ್ಟವಾಯಿತು. ನಾವು ಕುಳಿತ ಬದಿಯ ಹಲಗೆಯ ಗುಂಟ ಒಬ್ಬ ಸವಾರ ಚೆಂಡನ್ನು ಹೊಡೆಯುತ್ತ ಬರುತ್ತಿದ್ದ. ಎದುರಾಳಿ ಮೈದಾನದ ನಡುವಿನಿಂದ ಓರೆಯಾಗಿ ಧಾವಿಸಿದವನು, ಹತ್ತಿರ ಬರುತ್ತಿದ್ದಂತೆ ಕುದುರೆಯನ್ನು ತಿರುಗಿಸಿ ನಾಲ್ಕು ಹೆಜ್ಜೆ ಜೊತೆಜೊತೆಗೆ ಓಡಿಸಿ, ಆಮೇಲೆ ಕುದುರೆಯ ಭುಜಕ್ಕೆ ಭುಜ ಕೊಟ್ಟು ಒತ್ತಿ, ಅವನನ್ನು ಗೆರೆಯಿಂದ ಆಚೆಗೆ ಸರಿಸಿಬಿಟ್ಟ. ನೋಡುವುದಕ್ಕೆ ಒರಟಾಗಿದ್ದರೂ ಸೀಟಿ ಊದಲಿಲ್ಲ. ಅದೇ ಚಕ್ಕರಿನಲ್ಲಿ ಅದೇ ಆಟಗಾರ ಇನ್ನೊಮ್ಮೆ ಜೊತೆಗೆ ಓಡಿಸದೆ ಕಡಿದಾದ ಕೋನದಲ್ಲಿ ನುಗ್ಗಿದಾಗ, ಕುದುರೆಗಳು ಪರಸ್ಪರ ತಾಗದಿದ್ದರೂ ಅಂಪೈರ್ ಸೀಟಿ ಊದಿದರು. ತಾಗಿದ್ದು ತಪ್ಪಲ್ಲ, ತಾಗದಿದ್ದದ್ದು ತಪ್ಪು ಎಂಬ ಈ ತೀರ್ಪು ಕೋನದ ಮೇಲೆ ಕಣ್ಣಿಟ್ಟವರಿಗೆ ಮಾತ್ರ ನ್ಯಾಯವಾಗಿ ಕಾಣುತ್ತದೆ. ಫೌಲಿನ ತೀವ್ರತೆ ನೋಡಿ ಅಂಪೈರುಗಳು ಎದುರು ತಂಡಕ್ಕೆ 30, 40 ಅಥವಾ 60 ಗಜದಿಂದ ಹೊಡೆಯುವ ಅವಕಾಶ ಕೊಡುತ್ತಾರೆ. ತೀರಾ ಅಪಾಯಕಾರಿಯಾದದ್ದಕ್ಕೆ ನೇರವಾಗಿ ಗೋಲನ್ನೇ ಕೊಡಬಹುದು. ಮೈದಾನದೊಳಗೆ ಇಬ್ಬರು ಅಂಪೈರುಗಳು ಕುದುರೆಯ ಮೇಲೇ ಇರುತ್ತಾರೆ, ಅವರಲ್ಲಿ ಭಿನ್ನಾಭಿಪ್ರಾಯ ಬಂದರೆ ಹೊರಗೆ ಕುಳಿತ ಮೂರನೆಯವರು ತೀರ್ಮಾನಿಸುತ್ತಾರೆ.

ಎದುರಾಳಿ ಹೊಡೆಯಲು ಬೀಸಿದ ಮ್ಯಾಲೆಟಿಗೆ ತನ್ನ ಮ್ಯಾಲೆಟನ್ನು ಅಡ್ಡವಿಟ್ಟು ತಡೆಯುವುದನ್ನು ಹುಕ್ ಎನ್ನುತ್ತಾರೆ. ಹಾಗೆ ತಡೆಯುವವನು ಎದುರಾಳಿಯ ಕುದುರೆಗೆ ಚೆಂಡು ಇರುವ ಕಡೆಯೇ ಇರಬೇಕು ಅಥವಾ ಅದರ ನೇರ ಹಿಂದಿರಬೇಕು, ಎದುರಾಳಿಯ ಕುದುರೆಗೆ ಅಡ್ಡಲಾಗಿ ಕೈ ಚಾಚಕೂಡದು. ಬೈನಾಕ್ಯುಲರ್ ಇದ್ದರೆ ಇಂಥ ಸೂಕ್ಷ್ಮಗಳು ಸಿಗುತ್ತವೆ, ಆದರೆ ಇಡೀ ಪಂದ್ಯವನ್ನು ಅದರಲ್ಲೇ ನೋಡಿದರೆ ಗೆರೆ ತಪ್ಪಿಹೋಗುತ್ತದೆ. ಜರ್ಸಿಯ ಮೇಲಿನ ಅಂಕಿಯೂ ಸಹಾಯಕ್ಕೆ ಬರುತ್ತದೆ. 1 ಮುಂದಿನ ಆಟಗಾರ, 4 ರಕ್ಷಣೆಯವನು. ಆಟವನ್ನು ನಡೆಸುವವನು ಹೆಚ್ಚಾಗಿ 3. ನಾನು ಒಂದು ಚಕ್ಕರ್ ಪೂರ್ತಿ ಈ 3ನೆಯವನನ್ನೇ ಗಮನಿಸುತ್ತೇನೆ, ಚೆಂಡು ಎಲ್ಲಿಗೆ ಹೋಗಲಿದೆ ಎಂಬುದು ಚೆಂಡಿಗಿಂತ ಮೊದಲು ಅವನ ಕುದುರೆಯ ತಿರುವಿನಲ್ಲಿ ತಿಳಿಯುತ್ತದೆ.

ನಡುವಿನ ವಿರಾಮದಲ್ಲಿ ಪ್ರೇಕ್ಷಕರನ್ನು ಮೈದಾನಕ್ಕೆ ಕರೆದು, ಗೊರಸಿಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ತುಳಿದು ಕೂರಿಸಲು ಹೇಳುವ ಸಂಪ್ರದಾಯ ಹಲವು ಕ್ಲಬ್ಬುಗಳಲ್ಲಿದೆ. ಚಪ್ಪಟೆ ಅಟ್ಟೆಯ ಪಾದರಕ್ಷೆ ಇದ್ದರೆ ಒಳ್ಳೆಯದು. ಮೊನಚು ಹಿಮ್ಮಡಿ ಹುಲ್ಲನ್ನು ಮತ್ತಷ್ಟು ಹಾಳುಮಾಡುತ್ತದೆ. ಗಂಟೆ ಬಾರಿಸಿದ ಕೂಡಲೇ ಹೊರಗೆ ಬರಬೇಕು.

ಪಂದ್ಯ ಮುಗಿದ ಮೇಲೆ ಕುದುರೆಗಳ ಹತ್ತಿರ ಹೋಗಬೇಕೆನಿಸಿದರೆ ಮೊದಲು ಅನುಮತಿ ಕೇಳಬೇಕು, ಅವು ಬೆವರಿ ಏದುಸಿರು ಬಿಡುತ್ತಿರುವಾಗ ಕೇಳಲೇಬಾರದು. ಮೈ ತೊಳೆದು, ನಡೆಸಿ, ಉಸಿರು ಹದಕ್ಕೆ ಬಂದ ಮೇಲೆ ಲಾಯದವರೇ ಬಿಡುವಾಗಿ ಮಾತಿಗೆ ಸಿಗುತ್ತಾರೆ. ನನಗೆ ಅರ್ಥವಾಗದ ಫೌಲುಗಳನ್ನು ನಾನು ಆಗ ಅವರ ಬಳಿಯೋ, ಕೆಳಗಿಳಿದ ಆಟಗಾರರ ಬಳಿಯೋ ವಿಚಾರಿಸುತ್ತೇನೆ. ಹೆಚ್ಚಿನವರು ಬಾಯಲ್ಲಿ ವಿವರಿಸುವ ಬದಲು ಬೂಟಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದು, ಯಾರು ಯಾವ ಕಡೆಯಿಂದ ಬಂದರೆಂದು ತೋರಿಸುತ್ತಾರೆ.